ಬಿರಿದ ಎಲೆಕೋಸು

ಇಂದು ಬೆಳಿಗ್ಗೆ ಹಿತ್ತಿಲಿಗೆ ಹೋದಾಗ, ಅಕ್ಟೋಬರ್‌ನಲ್ಲಿ ನಾಟಿ ಮಾಡಿದ್ದ ಎಲೆಕೋಸಿನ ಗಡ್ಡೆಯೊಂದು ನೆತ್ತಿಯಿಂದ ಬುಡದವರೆಗೆ ಬಿರಿದು ನಿಂತಿತ್ತು.

ನಾನು ಊರಿಗೆ ಹೋಗಿದ್ದ 8 ದಿನಗಳಲ್ಲಿ ಒಣಗಿಹೋಗಿದ್ದ ಮಣ್ಣಿಗೆ, ಮೊನ್ನೆ ಮರಳಿ ಬಂದ ಸಂಜೆಯೇ, ತಪ್ಪಿತಸ್ಥನ ಅವಸರದಲ್ಲಿ 4 ಕೊಡ ನೀರು ಸುರಿದಿದ್ದೆ. ಬೇರುಗಳು ಅದನ್ನು ಒಮ್ಮೆಲೇ ಹೀರಿಕೊಂಡು, ಒಳಗಿನ ಎಲೆಗಳು ಉಬ್ಬಿ, ಬಲಿತು ಬಿಗಿದಿದ್ದ ಹೊರಪದರವನ್ನು ಸೀಳಿಬಿಟ್ಟಿವೆ.

ಬಲಿತ ಗಡ್ಡೆಯನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಕಾಲು ಸುತ್ತು ತಿರುಗಿಸಿದರೆ, ಕೆಲವು ಬೇರುಗಳು ಹರಿದು ನೀರು ಹೀರುವುದು ತಗ್ಗುತ್ತದೆ ಎಂಬುದು ನನಗೆ ತಿಳಿದೇ ಇತ್ತು. ಚೆನ್ನಾಗಿರುವ ಗಿಡದ ಬೇರು ಹರಿಯಲು ಮನಸ್ಸು ಬಂದಿರಲಿಲ್ಲ, ಅಷ್ಟೇ. ನನ್ನ ಉಪಚಾರವೇ ಅದಕ್ಕೆ ಹೆಚ್ಚಾಯಿತೇನೋ.

ಉಳಿದ 5 ಗಡ್ಡೆಗಳನ್ನು ಈಗಷ್ಟೇ ತಿರುಗಿಸಿ ಬಂದಿದ್ದೇನೆ. ಬಿರಿದದ್ದು ಕಡಲೆಬೇಳೆಯ ಜೊತೆ ಮಧ್ಯಾಹ್ನದ ಪಲ್ಯಕ್ಕೆ ಒಲೆಯೇರಿದೆ.