ಹೊನ್ನಾವರದ ಗೆರೆ: ನೀರಿನ ಲೆಕ್ಕ ಮುಗಿಯಿತು, ಬಸಾಲ್ಟ್ ಬಾಕಿ

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ. ಹಾಗಾಗಿ ಕರೆಂಟ್ ಇದ್ದಷ್ಟು ಹೊತ್ತು ಲ್ಯಾಪ್‌ಟಾಪ್ ಮುಂದೆ. ಶರಾವತಿ ಸಮುದ್ರ ಸೇರುವ ಹೊನ್ನಾವರದಿಂದ ನೇರ ಪಶ್ಚಿಮಕ್ಕೆ ಒಂದು ಗೆರೆ, ಅದರುದ್ದಕ್ಕೂ ಗುರುತ್ವದ ಏರಿಳಿತ ನೋಡಿ ಕಡಲ ತಳದ ಕೆಳಗಿನ ಹೂಳು ಹುಡುಕುತ್ತಿದ್ದೇನೆ. ಹಡಗು ಬೇಕಿಲ್ಲ, ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆ ಪುಕ್ಕಟೆ ಕೊಡುವ ಉಪಗ್ರಹ ಡೇಟಾ ಸಾಕು. ಉಪಗ್ರಹ ಅಳೆಯೋದು ನೀರಿನ ಮಟ್ಟ. ತಳದಲ್ಲಿ ಗುಡ್ಡ ಇದ್ದರೆ ಅದರ ಸೆಳೆತಕ್ಕೆ ಮೇಲಿನ ನೀರು ಚೂರು ಉಬ್ಬುತ್ತದೆ, ಅದರಿಂದ ಗುರುತ್ವ ಲೆಕ್ಕ ಹಾಕುತ್ತಾರೆ.

ಮೊದಲ ಗ್ರಾಫ್‌ನಲ್ಲಿ ಕಂಡದ್ದೆಲ್ಲ ತಳದ ಆಕಾರವೇ. ಆಳವಿಲ್ಲದ ಕಡಲು ಮುಗಿಯುವಲ್ಲಿ ಒಂದು ಉಬ್ಬು, ಆಚೆ ಒಂದು ತಗ್ಗು. ಆ ಪ್ರಭಾವ ಕಳೆಯಲು ಈಗ ನೀರನ್ನು ತೆಗೆದು ಆ ಜಾಗಕ್ಕೆ ಬಂಡೆ ತುಂಬಿದಂತೆ ಲೆಕ್ಕ ಮಾಡಿದ್ದೇನೆ. 1 ಕಿ.ಮೀ. ಆಳದ ನೀರಿಗೆ ಸುಮಾರು 69 ಮಿಲಿಗ್ಯಾಲ್ (ಗುರುತ್ವ ಅಳೆಯುವ ಮಾನ) ಸೇರಿಸಬೇಕು. ಈಗ ಗ್ರಾಫ್ ಪಶ್ಚಿಮಕ್ಕೆ ಏರುತ್ತಾ ಹೋಗುತ್ತದೆ. ಅಲ್ಲಿ ಭೂಮಿಯ ಹೊರಪದರ ತೆಳು, ಅದರ ಕೆಳಗಿನ ಭಾರದ ಪದರ, ಮ್ಯಾಂಟಲ್, ಹತ್ತಿರ.

ತಲೆನೋವು ಶುರುವಾಗುವುದು ಇಲ್ಲಿಂದ. ಬಂಡೆಯ ಸಾಂದ್ರತೆ ಘನ ಸೆಂ.ಮೀ.ಗೆ 2.67 ಗ್ರಾಂ, ಹೂಳಿನ ಪದರದ್ದು 2.3 ಅಂತ ಹಿಡಿದೆ. 1 ಕಿ.ಮೀ. ಹೂಳು ಇದ್ದರೆ ಗುರುತ್ವ 15.5 ಮಿಲಿಗ್ಯಾಲ್ ಇಳಿಯಬೇಕು. ಆದರೆ ಹೂಳು ತುಂಬಿದ ತಗ್ಗಾದ ಈ ಕೇರಳ-ಕೊಂಕಣ ಬೇಸಿನ್‌ನಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದಿನ ಡೆಕ್ಕನ್ ಲಾವಾ ಬೇರೆ ಇದೆ, ಅದು ಆರಿ ಗಟ್ಟಿಯಾದದ್ದೇ ಬಸಾಲ್ಟ್ ಬಂಡೆ. ಬಸಾಲ್ಟ್‌ಗೆ 2.9 ಹಿಡಿದರೆ 1 ಕಿ.ಮೀ.ಗೆ 9.6 ಏರುತ್ತದೆ. ಅಂದರೆ 1 ಕಿ.ಮೀ. ಹೂಳಿನ ಮೇಲೆ 1.6 ಕಿ.ಮೀ. ಬಸಾಲ್ಟ್ ಕೂತರೆ ಎರಡೂ ವಜಾ! ಗ್ರಾಫ್ ನೋಡಿದವರಿಗೆ ಕೆಳಗೆ ಏನೂ ಇಲ್ಲ ಅನ್ನಿಸುತ್ತದೆ. ಎಣ್ಣೆ ಹುಡುಕುವವರಿಗೆ ಬೇಕಾದ್ದು ಆ ಅಡಗಿದ ಹೂಳೇ, ಅಲ್ವಾ?

ಇದಕ್ಕೇ ಸೀಸ್ಮಿಕ್ ಸರ್ವೆಯೂ ಜೊತೆಗೆ ಬೇಕು. ಹಡಗು 5 ನಾಟ್, ಅಂದರೆ ಗಂಟೆಗೆ 9 ಕಿ.ಮೀ. ಚಿಲ್ಲರೆ ವೇಗದಲ್ಲಿ ಸಾಗುತ್ತಾ ಏರ್‌ಗನ್‌ನಿಂದ ಒತ್ತಿಟ್ಟ ಗಾಳಿಯನ್ನು ನೀರಿಗೆ ಬಿಡುತ್ತದೆ. 25 ಮೀಟರಿಗೆ ಒಂದರಂತೆ ಹೊಡೆದರೆ ಸುಮಾರು 10 ಸೆಕೆಂಡಿಗೊಂದು ಢಂ. ಹಿಂದೆ ಎಳೆದುಕೊಂಡು ಬರುವ ಕಿಲೋಮೀಟರ್‌ಗಟ್ಟಲೆ ಕೇಬಲ್‌ನಲ್ಲಿರುವ ಹೈಡ್ರೋಫೋನ್‌ಗಳು, ಅಂದರೆ ನೀರೊಳಗಿನ ಮೈಕ್‌ಗಳು, ಪ್ರತಿಧ್ವನಿ ಹಿಡಿಯುತ್ತವೆ. ಬಸಾಲ್ಟಿನ ಮೇಲ್ಮೈ ಚೆನ್ನಾಗಿ ಕಾಣುತ್ತದೆ, ಕೆಳಗಿನದು ಮಸುಕು. ಮೇಲ್ಮೈಯನ್ನು ಸೀಸ್ಮಿಕ್‌ನಿಂದ ಗಟ್ಟಿ ಮಾಡಿಕೊಂಡು, ದಪ್ಪವನ್ನು ಗುರುತ್ವದಿಂದ ಅಂದಾಜು ಮಾಡಬೇಕು.

ಹಡಗಿನ ಮೇಲೇ ಗುರುತ್ವ ಅಳೆಯುವವರ ಪಾಡು ಇನ್ನೊಂದು. ಅದೇ ವೇಗದಲ್ಲಿ ಪೂರ್ವಕ್ಕೆ, ಅಂದರೆ ಭೂಮಿ ತಿರುಗುವ ದಿಕ್ಕಿಗೇ, ಸಾಗಿದರೆ ನಮ್ಮ ಅಕ್ಷಾಂಶದಲ್ಲಿ ಗುರುತ್ವ ಮಾಪಕ ಸುಮಾರು 36 ಮಿಲಿಗ್ಯಾಲ್ ಕಡಿಮೆ ತೋರಿಸುತ್ತದೆ, ಪಶ್ಚಿಮಕ್ಕಾದರೆ ಅಷ್ಟೇ ಜಾಸ್ತಿ. ನಾನು ಹುಡುಕುತ್ತಿರುವ ಹೂಳಿನ ಗುರುತಿಗಿಂತ ದುಪ್ಪಟ್ಟು!

ಇನ್ನು ಪ್ರಕಟವಾದ ಸೀಸ್ಮಿಕ್ ಚಿತ್ರಗಳಿಂದ ಬಸಾಲ್ಟಿನ ಆಳ ಓದಬೇಕು. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಮೀಟರ್ ಅಲ್ಲ, ಧ್ವನಿ ಹೋಗಿ ಬರುವ ಸಮಯ. ನೀರಿನಲ್ಲಿ 1 ಸೆಕೆಂಡ್ ಅಂದರೆ 750 ಮೀಟರ್ ಆಳ. ಹೂಳಿನಲ್ಲಿ ಧ್ವನಿ ಇನ್ನೂ ಬೇಗ ಹೋಗುತ್ತದೆ. ಅಲ್ಲಿ ಎಷ್ಟು ವೇಗ ಹಿಡಿಯೋದು ಅನ್ನೋದನ್ನು ಮೊದಲು ತೀರ್ಮಾನ ಮಾಡಬೇಕು.