ಕುಡಿತ ಬಿಟ್ಟ ಮೇಲೆ ನಿದ್ರೆಯೇ ಬರುತ್ತಿಲ್ಲ, ಏನು ಮಾಡಲಿ?

ಹೊಸದಾಗಿ ಕುಡಿತ ಬಿಟ್ಟವರು ನನ್ನಂಥ ಹಳಬರ ಬಳಿ ಬಂದಾಗ ಕುಡಿಯುವ ಆಸೆಯ ಬಗ್ಗೆ ಮಾತನಾಡುತ್ತಾರೆಂದು ಹೊರಗಿನವರು ಭಾವಿಸುತ್ತಾರೆ. ಅವರು ಮೊದಲು ಕೇಳುವುದು ನಿದ್ರೆಯ ಬಗ್ಗೆ. "ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾ ಬಿದ್ದಿರುತ್ತೇನೆ. ಇದು ಯಾವಾಗ ಮುಗಿಯುತ್ತದೆ? ನಿದ್ರೆಗೆಂದು ಒಂದೇ ಒಂದು ಪೆಗ್ ಕುಡಿದರೆ ಏನಾಗುತ್ತದೆ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಉತ್ತರಿಸುವ ಮೊದಲು ನಾನು ಒಂದನ್ನು ತಿರುಗಿ ಕೇಳುತ್ತೇನೆ: ಕೊನೆಯ ಸಲ ಕುಡಿದು ಎಷ್ಟು ಹೊತ್ತಾಯಿತು? ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯವಿದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು ಸೇರಿದ ಸನ್ನಿ ಹಿಡಿಯುತ್ತದೆ. ಅದು ಪ್ರಾಣಕ್ಕೇ ಎರವಾಗಬಲ್ಲದು. ಆ ದಿನಗಳ ನಿದ್ರಾಹೀನತೆಯನ್ನು ಮನೆಯಲ್ಲಿ ಒಬ್ಬರೇ ಸಹಿಸಿಕೊಂಡಿರಬಾರದು. ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವೈದ್ಯರು ಕೆಲವು ದಿನಗಳ ಮಟ್ಟಿಗೆ ಔಷಧ ಕೊಟ್ಟು, ಥಯಾಮಿನ್ ಎಂಬ ಬಿ1 ಜೀವಸತ್ವ ಕೊಟ್ಟು ದಾಟಿಸುತ್ತಾರೆ. ಮುಂದೆ ನಾನು ಹೇಳುವುದೆಲ್ಲ ಆ ಘಟ್ಟ ದಾಟಿದವರಿಗೆ.

ಇನ್ನು ನಿದ್ರೆ ಏಕೆ ಬರುವುದಿಲ್ಲ ಎಂಬುದು. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ, ಎಚ್ಚರವಾಗಿಡುವ ಗ್ಲುಟಮೇಟ್‌ನ ಕೆಲಸವನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗಾದಾಗ ಮೆದುಳು ತನ್ನ ಸಮತೋಲಕ್ಕಾಗಿ ತದ್ವಿರುದ್ಧ ದಿಕ್ಕಿನಲ್ಲಿ ಒತ್ತಲು ಕಲಿಯುತ್ತದೆ. ಹೊರಗಿನಿಂದ ಒಬ್ಬ ಬಾಗಿಲು ತಳ್ಳುತ್ತಿದ್ದರೆ ಒಳಗಿರುವವನು ಅಷ್ಟೇ ಬಲವಾಗಿ ಎದುರು ತಳ್ಳುತ್ತಾನಲ್ಲ, ಹಾಗೆ. ಹೊರಗಿನವನು ತಟ್ಟನೆ ಸರಿದಾಗ ಒಳಗಿನವನು ಮುಗ್ಗರಿಸುತ್ತಾನೆ. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಮೆದುಳಿನ ಸ್ಥಿತಿ ಅದೇ. ಮೈ ದಣಿದು ಹಣ್ಣಾಗಿದ್ದರೂ ಒಳಗಿನ ಎಚ್ಚರ ಆರುವುದಿಲ್ಲ.

ಎಂದು ಸರಿಹೋಗುತ್ತದೆ? ಎಲ್ಲರಿಗೂ ಒಂದೇ ದಿನಾಂಕ ಕೊಡಲು ಆಗುವುದಿಲ್ಲ. ತೀರಾ ಕೆಟ್ಟ ರಾತ್ರಿಗಳು ಸಾಮಾನ್ಯವಾಗಿ ಮೊದಲ ಒಂದೆರಡು ವಾರಗಳಲ್ಲಿರುತ್ತವೆ. ಅನಂತರ ವಾರಗಳಲ್ಲಿ, ತಿಂಗಳುಗಳಲ್ಲಿ ನಿಧಾನವಾಗಿ ಸುಧಾರಿಸುತ್ತದೆ. ಹಲವು ವರ್ಷ ಕುಡಿದವರಲ್ಲಿ ನಿದ್ರೆ ತೆಳುವಾಗಿರುವುದು, ಮಧ್ಯೆ ಎಚ್ಚರವಾಗುವುದು ವರ್ಷದವರೆಗೂ ಎಳೆಯಬಹುದು. ಇದನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ "ಒಂದು ವಾರದಲ್ಲಿ ಸರಿಹೋಗುತ್ತದೆ" ಎಂದು ನಂಬಿದವನು ಎಂಟನೆಯ ರಾತ್ರಿ ಕಂಗೆಡುತ್ತಾನೆ. ಸುಧಾರಣೆ ನೇರ ಗೆರೆಯಲ್ಲಿ ಬರುವುದೂ ಇಲ್ಲ. ಮೂರು ಒಳ್ಳೆಯ ರಾತ್ರಿಗಳ ಬೆನ್ನಿಗೆ ಒಂದು ಕೆಟ್ಟ ರಾತ್ರಿ ಬಂದರೆ ಹಿಂದಿನದೆಲ್ಲ ಅಳಿಸಿಹೋಯಿತೆಂದು ತಿಳಿಯಬೇಡಿ.

ಆ ಒಂದು ಪೆಗ್‌ನ ವಿಷಯ. ಅದು ಬೇಗ ಮಂಪರು ತರುತ್ತದೆ ಎಂಬುದು ನಿಜ, ಆದ್ದರಿಂದಲೇ ಆ ಯೋಚನೆಗೆ ಅಷ್ಟು ಬಲ. ಆದರೆ ಮದ್ಯ ರಾತ್ರಿಯ ಮೊದಲ ಅರ್ಧದಲ್ಲಿ ಕನಸಿನ ನಿದ್ರೆಯನ್ನು ಅದುಮುತ್ತದೆ. ಅದು ರಕ್ತದಿಂದ ಕರಗಿಹೋದ ಮೇಲೆ ಎರಡನೆಯ ಅರ್ಧದಲ್ಲಿ ನಿದ್ರೆ ಚೂರುಚೂರಾಗುತ್ತದೆ. ಕುಡಿಯುವ ದಿನಗಳಲ್ಲಿ ಬೆಳಗಿನ ಜಾವ ಬೆವೆತು, ಬಾಯಾರಿ, ಎದೆ ಹೊಡೆದುಕೊಳ್ಳುತ್ತಾ ಏಳುತ್ತಿದ್ದುದನ್ನು ನೆನಪಿಸಿಕೊಳ್ಳಿ. ಅದನ್ನು ಒಳ್ಳೆಯ ನಿದ್ರೆ ಎನ್ನಲಾದೀತೇ? ಅದಕ್ಕಿಂತ ಮುಖ್ಯವಾದದ್ದು, ಒಂದು ಪೆಗ್ ಬೆಳಗಾಗುವಷ್ಟರಲ್ಲಿ ಒಂದಾಗಿ ಉಳಿಯುವುದು ನಮ್ಮಂಥವರಲ್ಲಿ ಅಪರೂಪ. ಬಿಟ್ಟವರು ಮತ್ತೆ ಕುಡಿತಕ್ಕೆ ಬೀಳುವ ದಾರಿಗಳಲ್ಲಿ ನಿದ್ರೆಗೆಟ್ಟ ರಾತ್ರಿ ಬಹಳ ದೊಡ್ಡದು.

ಆದ್ದರಿಂದ ನಾನು ಹೇಳುವ ಮುಖ್ಯ ಮಾತು ಇದು: ಮೊದಲ ತಿಂಗಳುಗಳಲ್ಲಿ ರಾತ್ರಿಯ ಗುರಿಯನ್ನೇ ಬದಲಿಸಿಕೊಳ್ಳಿ. ಕುಡಿಯದೆ ಬೆಳಗು ಕಂಡರೆ ಆ ರಾತ್ರಿ ನಿಮ್ಮದೇ, ಎರಡು ಗಂಟೆ ನಿದ್ರೆಯಾಗಿರಲಿ, ಆರು ಗಂಟೆಯಾಗಿರಲಿ. ನಿದ್ರೆ ಬರಲೇಬೇಕೆಂದು ಹಟ ಹಿಡಿದಷ್ಟೂ ಅದು ದೂರ ಸರಿಯುತ್ತದೆ. ಗಡಿಯಾರ ನೋಡುವುದು, ಉಳಿದ ಗಂಟೆಗಳ ಲೆಕ್ಕ ಹಾಕುವುದು, ನಾಳೆಯ ಕೆಲಸ ಹಾಳಾಯಿತೆಂದು ಕೊರಗುವುದು, ಇವೆಲ್ಲ ಎಚ್ಚರಕ್ಕೆ ಎಣ್ಣೆ ಹೊಯ್ಯುತ್ತವೆ. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಿ. ನಿದ್ರೆಗೆ ಅಂಕ ಕೊಡುವ ಕೈಗಡಿಯಾರಗಳು ಈ ಅವಧಿಯಲ್ಲಿ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಎದ್ದೊಡನೆ ನೀವು ಸೋತಿದ್ದೀರಿ ಎಂದು ಹೇಳುವ ಯಂತ್ರ ಯಾರಿಗೆ ಬೇಕು?

ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಅರಿವು-ವರ್ತನೆಯ ಚಿಕಿತ್ಸೆ (ನಿದ್ರೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ) ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಶಿಫಾರಸು ಮಾಡಿತು. ಅದರ ಒಂದು ಭಾಗವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿಯೇ ರೂಪಿಸಿದ್ದರು. ತಿರುಳು ಸರಳ. ಹಾಸಿಗೆ ನಿದ್ರೆಗಷ್ಟೇ ಮೀಸಲು. ತೂಕಡಿಕೆ ಬಂದಾಗ ಮಾತ್ರ ಮಲಗಬೇಕು. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಬೇರೆ ಕೋಣೆಗೆ, ಅದಿಲ್ಲದಿದ್ದರೆ ಒಂದು ಕುರ್ಚಿಗೆ ಹೋಗಿ ಮಂದ ಬೆಳಕಿನಲ್ಲಿ ಕುಳಿತು, ಮತ್ತೆ ಜೊಂಪು ಹತ್ತಿದಾಗ ಬರಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಬೇಕು. ಈ ಕೊನೆಯದೇ ಎಲ್ಲರಿಗೂ ಕಷ್ಟ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಯಾವಾಗ ನಿದ್ರಿಸಬೇಕೆಂಬುದು ನಿಮ್ಮ ಕೈಯಲ್ಲಿಲ್ಲ, ಯಾವಾಗ ಏಳಬೇಕೆಂಬುದು ಇದೆ. ಎದ್ದು ಬಿಸಿಲಿಗೆ ಹೋದರೆ ದೇಹದ ಒಳಗಡಿಯಾರಕ್ಕೆ ಹಗಲು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತದೆ. ಹಗಲು ತಡೆಯಲಾಗದಿದ್ದರೆ ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮೀರದಂತೆ ಮಲಗಿ. ಹಾಸಿಗೆಯ ಗಂಟೆಗಳನ್ನೇ ಕಡಿತಗೊಳಿಸುವ ಇನ್ನೊಂದು ವಿಧಾನವೂ ಈ ಚಿಕಿತ್ಸೆಯಲ್ಲಿದೆ. ನಿದ್ರೆಗೆಡುವುದರಿಂದ ಫಿಟ್ಸ್ ಮರುಕಳಿಸಬಹುದಾದ್ದರಿಂದ, ಹಿಂದೆ ಫಿಟ್ಸ್ ಬಂದಿದ್ದವರು ಅದನ್ನು ತಾವಾಗಿ ಮಾಡಬಾರದು.

ಕಾಫಿ ಮತ್ತು ಸಿಗರೇಟಿನ ಬಗ್ಗೆ ಕಟ್ಟುನಿಟ್ಟಾಗಿ ಇರಲೇಬೇಕು. ಕುಡಿತ ಬಿಟ್ಟವರ ಕೈ ತಾನಾಗಿ ಇವೆರಡರ ಕಡೆ ಹೋಗುತ್ತದೆ. ಕುಡಿದ ಕೆಫೀನ್‌ನ ಅರ್ಧಭಾಗ ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ನಿಕೋಟಿನ್ ಕೂಡ ಎಚ್ಚರಗೊಳಿಸುವ ವಸ್ತುವೇ.

ಎದ್ದು ಕುಳಿತ ಆ ಹೊತ್ತಿನಲ್ಲಿ ಏನು ಮಾಡುವುದು? ಧ್ಯಾನ ಮಾಡಿ, ಮನಸ್ಸನ್ನು ಖಾಲಿ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಹೊಸಬರಿಗೆ ನಾನು ಅದನ್ನು ರಾತ್ರಿಯ ಹೊತ್ತಿಗೆ ಹೇಳುವುದಿಲ್ಲ. ಇಷ್ಟು ದಿನ ಮದ್ಯ ಮುಚ್ಚಿಟ್ಟಿದ್ದ ಸಾಲ, ನೋಯಿಸಿದ ಮುಖಗಳು, ಕಳೆದುಕೊಂಡ ಕೆಲಸ ಎಲ್ಲವೂ ಕಣ್ಣು ಮುಚ್ಚಿದೊಡನೆ ಸಾಲಾಗಿ ಬರುತ್ತವೆ. ಅವುಗಳ ಎದುರು ಒಬ್ಬರನ್ನೇ ಕೂರಿಸುವುದು ನನಗೆ ಸರಿಕಾಣದು. ಮೆಲುದನಿಯ ಓದು ಕೇಳಿ, ಹಳೆಯ ಪುಸ್ತಕ ತಿರುವಿ, ಬಟ್ಟೆ ಮಡಚಿ. ಬಿಡದೆ ಕಾಡುವುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಅದರ ತೀರ್ಮಾನವನ್ನು ಬೆಳಗಿಗೆ ಬಿಡಿ. ಕುಡಿಯುವ ಆಸೆ ಎದ್ದರೆ ಮಾತ್ರ ಹೊತ್ತುಗೊತ್ತು ನೋಡದೆ, ಕುಡಿತ ಬಿಡುವ ದಾರಿಯಲ್ಲಿ ನಿಮಗೆ ಜೊತೆ ನಿಂತ ಹಳಬರಾದ ನಿಮ್ಮ ಸ್ಪಾನ್ಸರ್‌ಗೋ ಗೆಳೆಯನಿಗೋ ಫೋನ್ ಮಾಡಿ. ಅಪರಾತ್ರಿಯ ಕರೆಗಳಿಂದ ನನಗೆ ಎಂದೂ ಬೇಸರವಾಗಿಲ್ಲ, ಈ ದಾರಿಯಲ್ಲಿ ಬಂದ ಯಾರಿಗೂ ಆಗದು.

ನಿದ್ರೆ ಬಂದ ಮೇಲೆ ಕನಸುಗಳ ಕಾಟ. ಇಷ್ಟು ಕಾಲ ಅದುಮಿಟ್ಟ ಕನಸಿನ ನಿದ್ರೆ ಈಗ ಉಕ್ಕಿ ಬರುವುದರಿಂದ ಕನಸುಗಳು ಕಣ್ಣಿಗೆ ಕಟ್ಟುವಂತಿರುತ್ತವೆ. ಕನಸಿನಲ್ಲಿ ಕುಡಿದು, ಬಾಯಲ್ಲಿ ರುಚಿ ಇದೆಯೆಂಬಂತೆ ಬೆಚ್ಚಿ ಎದ್ದು, ನಿಜವಾಗಿಯೂ ಕುಡಿದುಬಿಟ್ಟೆನೇನೋ ಎಂದು ಅಳುವವರನ್ನು ಕಂಡಿದ್ದೇನೆ. ಕನಸಿನಲ್ಲಿ ಕುಡಿದದ್ದು ಕುಡಿದಂತೆ ಅಲ್ಲವೇ ಅಲ್ಲ. ಬಿಟ್ಟವರಲ್ಲಿ ಬಹಳ ಮಂದಿಗೆ ಇದು ಆಗುತ್ತದೆ. ಬೆಳಿಗ್ಗೆ ಯಾರಿಗಾದರೂ ಹೇಳಿಬಿಡಿ, ಭಾರ ಇಳಿಯುತ್ತದೆ.

ನಿದ್ರೆ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು, ಮನೆಯವರ ಮಾತ್ರೆಯನ್ನು ತೆಗೆದುಕೊಳ್ಳುವುದು ಎರಡೂ ಅಪಾಯ. ಡಯಾಜೆಪಾಮ್‌ನಂಥ ಮಾತ್ರೆಗಳು ಮದ್ಯ ತಟ್ಟಿದ ಗಾಬಾದ ಬಾಗಿಲನ್ನೇ ತಟ್ಟುತ್ತವೆ, ಅಂಟಿಕೊಳ್ಳುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರನ್ನೇ ತಗ್ಗಿಸುತ್ತವೆ. ಹಾಗೆಂದು ಔಷಧವೇ ಕೂಡದೆಂಬ ಹಟವೂ ನನಗಿಲ್ಲ. ನಿಮ್ಮ ಕುಡಿತದ ಇತಿಹಾಸ ಪೂರ್ತಿ ತಿಳಿದ ವೈದ್ಯರು ಅಂಟಿಕೊಳ್ಳದ ಔಷಧವನ್ನು ಆರಿಸಿಕೊಟ್ಟರೆ ನಾಚಿಕೆಯಿಲ್ಲದೆ ತೆಗೆದುಕೊಳ್ಳಿ.

ಮನೆಯವರಿಗೂ ಒಂದು ಮಾತು. "ಬಿಟ್ಟ ಮೇಲೂ ಏಕೆ ಇಷ್ಟು ಸಿಡುಕು?" ಎಂದು ಹೆಂಡತಿ, ತಾಯಿ, ಗಂಡ ಕೇಳುತ್ತಾರೆ. ವಾರಗಟ್ಟಲೆ ನಿದ್ರೆಗೆಟ್ಟ ಯಾರೇ ಆದರೂ ಸಿಡುಕುತ್ತಾರೆ. ಬೆಳಗಾಗುತ್ತಲೇ "ನಿದ್ರೆ ಬಂತೇ?" ಎಂದು ವಿಚಾರಿಸುವುದನ್ನು ಬಿಟ್ಟು ಒಟ್ಟಿಗೆ ನಡೆಯಲು ಹೋದರೆ ಹೆಚ್ಚು ಉಪಕಾರ.

ಎಲ್ಲ ಮಾಡಿಯೂ ತಿಂಗಳುಗಳು ಕಳೆದರೆ ಬೇರೆ ಕಾರಣ ಹುಡುಕಿಸಬೇಕು. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ಮಲಗಿದಾಗ ಕಾಲು ಸೆಳೆದು ಆಡಿಸಲೇಬೇಕೆನ್ನಿಸಿದರೆ ಕಬ್ಬಿಣಾಂಶದ ಕೊರತೆ ಇರಬಹುದು. ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಬೆಳಗಿನ ಜಾವವೇ ಎಚ್ಚರವಾಗುತ್ತಿದ್ದರೆ ಖಿನ್ನತೆಯನ್ನು ನೋಡಿಸಬೇಕು. ಬದುಕುವುದೇ ಬೇಡ ಎಂಬ ಯೋಚನೆ ರಾತ್ರಿ ಬಂದರೆ, ಹಾಳೆಯಲ್ಲಿ ಬರೆದು ಬೆಳಗಿಗೆ ಬಿಡಿ ಎಂದ ನನ್ನ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಆಗಲೇ ಮನೆಯವರನ್ನು ಎಬ್ಬಿಸಿ, ಆಗಲೇ ಆಸ್ಪತ್ರೆಗೆ ಹೊರಡಿ.