ಕಾಲಿಗೆ ಒಪ್ಪುವ ಹಾಡು

17 ನವೆಂಬರ್ 2024, ಭಾನುವಾರ
ಮೈಸೂರು

ಬೆಳಿಗ್ಗೆ ಐದೂಮುಕ್ಕಾಲಿಗೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ ನಿಂತು ಇಯರ್‌ಫೋನ್ ಡಬ್ಬಿ ತೆಗೆದೆ. ಚಾರ್ಜ್ ಸೊನ್ನೆ. ರಾತ್ರಿ ವೈರ್ ಸಿಕ್ಕಿಸಿದ್ದು ನಿಜ, ಸ್ವಿಚ್ ಹಾಕುವುದು ಮರೆತಿದ್ದೆ. ವಾಪಸ್ ಹೋಗೋಣವೇ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಹಾಡಿಲ್ಲದೆ ಬೆಟ್ಟ ಹತ್ತುವುದು ಅಂದರೆ ಉಪ್ಪಿಲ್ಲದ ಸಾರು ಉಂಡ ಹಾಗೆ. ಅಷ್ಟರಲ್ಲಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ದಾಟಿ ಮುಂದೆ ಹೋದರು. ಬಗ್ಗಿ ಬಗ್ಗಿ ಏಳುತ್ತಾ ನನಗಿಂತ ಮುಂದೆ! ನಾಚಿಕೆಯಾಗಿ ಹೊರಟೆ.

ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಮೊದಲ ಮುನ್ನೂರರಲ್ಲೇ ಏದುಸಿರು. ಇವತ್ತು ಒಂದು ವಿಷಯ ಗೊತ್ತಾಯಿತು. ಆ ಮುನ್ನೂರರ ನಂತರ ಹಾಡು ಇದ್ದರೂ ನಾನು ಅದನ್ನು ಕೇಳುತ್ತಲೇ ಇರಲಿಲ್ಲ. ಕಿವಿಯಲ್ಲಿ ಏನೇ ಬಡಿಯುತ್ತಿದ್ದರೂ ಅಲ್ಲಿಂದ ಮುಂದೆ ಗಮನಕ್ಕೆ ಬರುತ್ತಿದ್ದದ್ದು ಎದೆಬಡಿತ ಮಾತ್ರ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕಾಸ್ಟಾಸ್ ಕರಾಗಿಯೋರ್ಗಿಸ್ ವ್ಯಾಯಾಮ ಮತ್ತು ಸಂಗೀತದ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಅವರು ಹೇಳುವುದೂ ಇದನ್ನೇ. ಹದವಾಗಿ ಮಾಡುವಾಗ ಹಾಡು ಸುಸ್ತನ್ನು ಮರೆಸುತ್ತದೆ. ತೀರಾ ಜೋರಾಗಿ ಮಾಡುವಾಗ ಮೈಯ ಕೂಗೇ ದೊಡ್ಡದಾಗಿ, ಹಾಡು ಹಿಂದೆ ಸರಿಯುತ್ತದೆ. ಹಾಗಾಗಿ ನಂದಿಯ ತನಕ, ಅಂದರೆ ಏಳುನೂರು ಮೆಟ್ಟಿಲಿನ ತನಕ, ಕಳೆದುಕೊಂಡದ್ದು ಅಂಥದ್ದೇನಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಂದಿಯ ಮುಂದೆ ಕೂತು ನೀರು ಕುಡಿದೆ. ದೊಡ್ಡ ದೇವರಾಜ ಒಡೆಯರ ಕಾಲದಿಂದ ಅಷ್ಟು ಆರಾಮಾಗಿ ಕೂತಿದ್ದಾನೆ ಪುಣ್ಯಾತ್ಮ.

ಆದರೆ ಜಿಮ್ಮಿನ ಕಥೆ ಬೇರೆ. ಬುಧವಾರದ್ದು ಇಲ್ಲಿ ಬರೆದಿರಲಿಲ್ಲ, ಮರ್ಯಾದೆ ಪ್ರಶ್ನೆ. ಟ್ರೆಡ್‌ಮಿಲ್ ಮೇಲೆ ಎಂಟರ ಸ್ಪೀಡಿನಲ್ಲಿ ಓಡುತ್ತಿದ್ದೆ. ಕಿವಿಯಲ್ಲಿ ತಮಟೆ. ಪಾದ ಬೀಳುವುದಕ್ಕೂ ಪೆಟ್ಟು ಬೀಳುವುದಕ್ಕೂ ಒಂದು ಕೂದಲಷ್ಟೂ ವ್ಯತ್ಯಾಸವಿಲ್ಲ, ಸ್ವರ್ಗ. ಪಟ್ಟಿಯಲ್ಲಿದ್ದ ಹಾಡುಗಳು ಮುಗಿದದ್ದು ಗೊತ್ತಾಗಲಿಲ್ಲ. ಆ್ಯಪ್ ತಾನಾಗಿಯೇ ಒಂದು ಭಾವಗೀತೆ ಹಾಕಿತು. ಕೊಳಲು, ಆಮೇಲೆ ಸಂಜೆ, ವಿರಹ. ನನಗೇ ತಿಳಿಯದಂತೆ ಕಾಲು ನಿಧಾನವಾಯಿತು. ಬೆಲ್ಟ್ ನಿಧಾನವಾಗಲಿಲ್ಲ! ಹಿಂದಕ್ಕೆ ಜಾರಿ, ಹೇಗೋ ಕಂಬಿ ಹಿಡಿದು ನೇತಾಡಿದೆ. "ಮೇಡಂ, ಕೆಂಪು ಬಟನ್, ಕೆಂಪು ಬಟನ್" ಅಂತ ಟ್ರೈನರ್ ಹುಡುಗ ಓಡಿ ಬಂದ. ಡಂಬೆಲ್ ಹಿಡಿದಿದ್ದ ನಾಲ್ಕು ಜನ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುವುದು ಬಿಟ್ಟು ನನ್ನನ್ನು ನೋಡಿದರು.

ಅವತ್ತಿನಿಂದ ಹಾಡುಗಳನ್ನು ಲೆಕ್ಕ ಹಾಕಿ ಆರಿಸುತ್ತಿದ್ದೇನೆ. ಕಷ್ಟವೇನಿಲ್ಲ. ಗಡಿಯಾರ ನೋಡಿಕೊಂಡು ಹದಿನೈದು ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಿತ್ತು ಅಂತ ಎಣಿಸುವುದು, ನಾಲ್ಕರಿಂದ ಗುಣಿಸುವುದು. ವ್ಯಾಯಾಮಕ್ಕೆ ನಿಮಿಷಕ್ಕೆ 120ರಿಂದ 140 ಬೀಟ್ ಚೆನ್ನ ಅನ್ನುವುದು ಸಾಮಾನ್ಯ ಲೆಕ್ಕ. ನನ್ನ ಬಿರುಸು ನಡಿಗೆಗೆ 120ರ ಹಾಡು ಸರಿಹೋಗುತ್ತದೆ. ಓಡುವಾಗ ನನ್ನ ಹೆಜ್ಜೆ 168. ಅಷ್ಟು ಬೀಟಿನ ಹಾಡು ಹುಡುಕಿದರೆ ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕೆ 84ರ ಹಾಡು ಹಾಕಿ, ಒಂದು ಪೆಟ್ಟಿಗೆ ಎರಡು ಹೆಜ್ಜೆ. ಈ ಉಪಾಯ ಗೊತ್ತಿಲ್ಲದೆ ಎರಡು ವರ್ಷ ವ್ಯರ್ಥವಾಯಿತಲ್ಲ ಅಂತ ಬೇಜಾರು.

ಇದು ಸುಮ್ನೆ ನನ್ನ ಮರುಳು ಅಲ್ಲ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2000 ಮೀಟರ್ ಓಟದ ವಿಶ್ವ ದಾಖಲೆ ಮಾಡಿದಾಗ ಮೈಕಿನಲ್ಲಿ 'ಸ್ಕ್ಯಾಟ್‌ಮ್ಯಾನ್' ಹಾಡು ಬರುತ್ತಿತ್ತು. ಅದನ್ನೇ ಹಾಕಿ ಅಂತ ಅವರೇ ಕೇಳಿದ್ದರು. ಅದರ ಬೀಟು ಅವರ ಹೆಜ್ಜೆಗೆ ಸರಿಹೊಂದುತ್ತಿತ್ತಂತೆ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲೂ ಅಷ್ಟೇ. ಸೈಕಲ್ ತುಳಿಯುವವರು ಹಾಡಿನ ಲಯಕ್ಕೆ ಕಾಲು ಹೊಂದಿಸಿದಾಗ, ಲಯ ಹಿಂದೆ ಬಿದ್ದ ಹಾಡಿಗಿಂತ ಸುಮಾರು 7 ಶೇಕಡ ಕಡಿಮೆ ಆಮ್ಲಜನಕ ಸಾಕಾಯಿತು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆಯಂತೂ 2007ರಲ್ಲಿ ಓಟದ ಸ್ಪರ್ಧೆಗಳಲ್ಲಿ ಇಯರ್‌ಫೋನನ್ನೇ ನಿಷೇಧಿಸಿ, ಆಮೇಲೆ ನಿಯಮ ಸಡಿಲಿಸಿತು.

ಹಾಗಾದರೆ ಜೋರು ಹಾಡೆಲ್ಲ ಓಟಕ್ಕೆ ಆಗುತ್ತದೆಯೇ? ಇಲ್ಲ. ಇದರಲ್ಲಿ ನನಗೂ ಟ್ರೈನರ್ ಹುಡುಗನಿಗೂ ದಿನಾ ಜಗಳ. ಅವನು ಸ್ಪೀಕರಿನಲ್ಲಿ 'ಕೆಜಿಎಫ್' ಹಾಕುತ್ತಾನೆ. ರವಿ ಬಸ್ರೂರು ಕೊಟ್ಟ ಆ ಕೋರಸ್ ಎದ್ದರೆ ಎದೆ ಉಬ್ಬುತ್ತದೆ, ಒಪ್ಪಿದೆ. ಆದರೆ ಕಾಲು ಓಡುವುದಿಲ್ಲ. ಅದು ಒಬ್ಬ ಗಂಭೀರವಾಗಿ ನಡೆದು ಬರುವುದಕ್ಕೆ ಮಾಡಿದ ಸಂಗೀತ, ಓಡುವುದಕ್ಕಲ್ಲ. ಭಾರ ಎತ್ತುವಾಗ ಮಾತ್ರ ಚೆನ್ನ. ನಡುವೆ ಬರುವ ಮೌನದಲ್ಲಿ ಉಸಿರು ತುಂಬಿಕೊಳ್ಳಬಹುದು. ಓಟಕ್ಕೆ ನನ್ನ ಆಯ್ಕೆ 2018ರ 'ಟಗರು ಬಂತು ಟಗರು'. ಚರಣ್‌ ರಾಜ್ ಸಂಗೀತ, ಹಾಡಿದ್ದು ತಮಿಳಿನ ಜನಪದ ಗಾಯಕ ಆಂಟನಿ ದಾಸನ್. ಹಳ್ಳಿಯ ಗಂಟಲು, ನಿಲ್ಲದ ಪೆಟ್ಟು. ಹುಡುಗ ಇದಕ್ಕೆ ನಕ್ಕು "ಮೇಡಂ, ಇದು ಜಾತ್ರೆ ಹಾಡು" ಅಂದ. ಜಾತ್ರೆಯಲ್ಲಿ ಜನ ಕೂತಿರುತ್ತಾರಾ ಮಾರಾಯ, ಕುಣಿಯುತ್ತಿರುತ್ತಾರಲ್ವಾ?

ಬಸ್ಕಿ, ಈಗಿನವರ ಬಾಯಲ್ಲಿ ಸ್ಕ್ವಾಟ್ಸ್, ಮಾಡುವಾಗ ಮಾತಿರುವ ಹಾಡೇ ಬೇಡ. ಮಾತು ಬಂದರೆ ನಾನೂ ಜೊತೆಗೆ ಹಾಡುತ್ತೇನೆ, ಎಣಿಕೆ ತಪ್ಪುತ್ತದೆ. ಅದಕ್ಕೆ ಡೊಳ್ಳು. ನಮ್ಮ ಸಾಗರದ ಕಡೆ ಚಿಕ್ಕಂದಿನಲ್ಲಿ ನೋಡಿದ್ದು. ಭಾರದ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು, ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ, ಮೇಲಿಂದ ಜಿಗಿತ, ತಿರುಗುವುದು, ಕೂತು ಏಳುವುದು. ಯಾವ ಜಿಮ್ಮಿಗೂ ಹೋಗದ ಆ ಗಂಡಸರ ತೊಡೆ ಹೇಗಿದ್ದವು ಅಂತ ಈಗ ಅರ್ಥವಾಗುತ್ತಿದೆ. ನಿಧಾನವಾಗಿ ಶುರುವಾಗಿ ಏರುತ್ತಾ ಹೋಗುವುದರಿಂದ ವಾರ್ಮ್ ಅಪ್ಪೂ ಅದರಲ್ಲೇ ಮುಗಿಯುತ್ತದೆ. ನಡುವೆ ಎಲ್ಲರೂ ಒಟ್ಟಿಗೆ ಹಾಕುವ ಕೂಗಿಗೆ ಕೊನೆಯ ಎರಡು ಬಸ್ಕಿ ತಾವಾಗಿಯೇ ಆಗುತ್ತವೆ.

ಮಧ್ಯಾಹ್ನ ಊಟ ಮಾಡುತ್ತಾ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಊರಿಂದ ಬಂದು ಹತ್ತು ದಿನವಾಯಿತು, ನನ್ನ ಓಟದ ಬಗ್ಗೆ ಅವಳಿಗೆ ಅಷ್ಟೇನೂ ಗೌರವವಿಲ್ಲ. "ಎಲ್ಲಿಗೂ ಹೋಗದೆ ನಿಂತಲ್ಲೇ ಓಡೋಕೆ ದುಡ್ಡು ಬೇರೆ ಕೊಡ್ತೀಯಾ" ಅನ್ನುತ್ತಾಳೆ. ಒಂದು ಇಯರ್‌ಫೋನ್ ಅವಳ ಕಿವಿಗೆ ಇಟ್ಟು ತಮಟೆ ಕೇಳಿಸಿದೆ. ತಲೆ ಆಡಿಸಿದಳು. "ಇದಕ್ಕೆ ಒನಕೆ ಹಾಕೋಕೆ ಆಗಲ್ಲ ಕಣೆ, ಅವಸರ ಆಯ್ತು" ಅಂದಳು.

ಆಮೇಲೆ ಅವಳ ಕಥೆ. ಅವಲಕ್ಕಿ ಕುಟ್ಟುವಾಗ ಒಂದೇ ಒರಳಿಗೆ ಇಬ್ಬರು ನಿಲ್ಲುತ್ತಿದ್ದರಂತೆ. ಅವಳು ಮತ್ತು ಅವಳ ಚಿಕ್ಕಮ್ಮ. ಒಂದು ಒನಕೆ ಏಳುವಾಗ ಇನ್ನೊಂದು ಇಳಿಯಬೇಕು. ಪದ ಹೇಳದಿದ್ದರೆ ಲೆಕ್ಕ ಸಿಗುವುದಿಲ್ಲ, ಲೆಕ್ಕ ತಪ್ಪಿದರೆ ಒನಕೆಗೆ ಒನಕೆ ಬಡಿದು ಕೈ ಜುಮ್ಮೆನ್ನುತ್ತದೆ. "ನಿನ್ನ ಬೆಲ್ಟಾದರೂ ಕೆಳಗೆ ಬೀಳಿಸುತ್ತೆ, ನಮ್ಮದು ಬೆರಳೇ ಹೋಗ್ತಿತ್ತು." ಹೇಳುತ್ತಾ ಹೇಳುತ್ತಾ ಸುವ್ವಿ ಪದ ಗುನುಗಿದಳು. ಕೈ ತಟ್ಟೆಯ ಅಂಚಿನ ಮೇಲೆ ತಾಳ ಹಾಕುತ್ತಿತ್ತು. ನಾನು ಮೆಲ್ಲಗೆ ಗೋಡೆ ಗಡಿಯಾರ ನೋಡಿದೆ. ಹದಿನೈದು ಸೆಕೆಂಡಿಗೆ ಇಪ್ಪತ್ತೊಂದು. ಅಂದರೆ 84! ನನ್ನ ಓಟದ ಅರ್ಧ, ಸರಿಯಾಗಿ.

ಫೋನಿನಲ್ಲಿ ರೆಕಾರ್ಡ್ ಬಟನ್ ಒತ್ತಿ "ಅಮ್ಮಾ, ಪೂರ್ತಿ ಹೇಳು, ನಾಳೆ ಇದಕ್ಕೇ ಓಡ್ತೀನಿ" ಅಂದೆ. ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟಳು.

"ಕೈಯಲ್ಲಿ ಒನಕೆ ಇಲ್ದೆ ಬರಲ್ಲ ಕಣೆ. ಎಲ್ಲಿ ಉಸಿರು ಬಿಡಬೇಕು ಅಂತಾನೇ ಗೊತ್ತಾಗ್ತಿಲ್ಲ."